ಎರವಲು ಸಂಕೇತ ಮತ್ತು ಕನ್ನಡ ಲಿಪಿ: ವೇದಿಕೆ ಹಾಗೂ ಪರವಾನಗಿಯ ತೊಡಕುಗಳು

ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ಕನ್ನಡದೊಡನೆ ಕೊಂಕಣಿಯೂ ಮನೆಮಾತಾಗಿ ಬಳಕೆಯಲ್ಲಿದೆ. ಕೊಂಕಣಿಯನ್ನು ದೇವನಾಗರಿಯಂತೆಯೇ ಕನ್ನಡ ಲಿಪಿಯಲ್ಲಿಯೂ ಬರೆಯುವ ರೂಢಿಯುಂಟು. ಅದರ ಅನುನಾಸಿಕ ಉಚ್ಚಾರವನ್ನು ಸೂಚಿಸಲು ಅಕ್ಷರದ ಬಲಮೇಲ್ಭಾಗದಲ್ಲಿ ಇಡುವ ಅನುಸ್ವಾರ ಚಿಹ್ನೆಗೆ ಯೂನಿಕೋಡ್ ಶಿಷ್ಟತೆಯಲ್ಲಿ ಪ್ರತ್ಯೇಕ ಸ್ಥಾನ ದೊರೆತದ್ದು 2022ರಲ್ಲಿ, ಅದರ 15.0ನೆಯ ಆವೃತ್ತಿಯಲ್ಲಿ. ಆದರೆ ಸಂಕೇತ ಸಂಖ್ಯೆಯೊಂದು ದೊರೆತ ಮಾತ್ರಕ್ಕೆ ಚಿಹ್ನೆ ಪರದೆಯ ಮೇಲೆ ಮೂಡುವುದಿಲ್ಲ. ಫಾಂಟಿನಲ್ಲಿ ಅದರ ಆಕೃತಿ ಇರಬೇಕು. ಅಕ್ಷರಗಳನ್ನು ಜೋಡಿಸುವ ತಂತ್ರಾಂಶಕ್ಕೆ ಅದನ್ನು ಎಲ್ಲಿ ಕೂರಿಸಬೇಕೆಂಬುದು ತಿಳಿದಿರಬೇಕು. ಇವೆರಡೂ ಇಂದು ಬಹುಮಟ್ಟಿಗೆ ಅನ್ಯರು ಬರೆದು ಮುಕ್ತವಾಗಿ ಹಂಚಿದ ಸಂಕೇತದಿಂದ ಬಂದವು. ಆದ್ದರಿಂದ ಲಿಪಿಯ ಕೊರತೆಯನ್ನು ಯಾರು ತುಂಬಬಲ್ಲರು ಎಂಬ ಪ್ರಶ್ನೆಯು ಎರವಲು ಸಂಕೇತವನ್ನು ಯಾರು, ಯಾವ ನಿಬಂಧನೆಯ ಮೇಲೆ ತಿದ್ದಬಲ್ಲರು ಎಂಬ ಪ್ರಶ್ನೆಯೇ ಆಗಿದೆ.

ಎರವಲು ಸಂಕೇತದ ತೊಡಕುಗಳು ಎರಡು ಬಗೆಯವು. ಒಂದು ಯಂತ್ರದಲ್ಲಿ ಸರಿಯಾಗಿ ನಡೆಯುವ ಸಂಕೇತ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಲ್ಲಿ ಎಡವುವುದು ಮೊದಲನೆಯದು. ಸಂಕೇತ ಕೈಗೆ ಸಿಕ್ಕಿದರೂ ತಿದ್ದಿ ಮರುಹಂಚುವ ಅಧಿಕಾರ ಸ್ಪಷ್ಟವಾಗಿಲ್ಲದಿರುವುದು ಎರಡನೆಯದು. ಇವನ್ನು ಬೇರೆಬೇರೆ ಎಂದು ಭಾವಿಸುವುದುಂಟು. ವಾಸ್ತವದಲ್ಲಿ ಒಂದರ ಪರಿಹಾರ ಇನ್ನೊಂದನ್ನು ಅವಲಂಬಿಸಿದೆ.

ಇದಕ್ಕೆ ಅತ್ಯುತ್ತಮ ನಿದರ್ಶನ, ಕನ್ನಡ ಒತ್ತಕ್ಷರಗಳನ್ನು ಜೋಡಿಸುವ ಹರ್ಫ್‌ಬಜ್ ತಂತ್ರಾಂಶದ ಚರಿತ್ರೆ. ಅದರ ಮೂಲ ಸಂಕೇತ ಫ್ರೀಟೈಪ್ ಯೋಜನೆಗೆ ಸೇರಿತ್ತು. ಫ್ರೀಟೈಪ್‌ನ ಎರಡನೆಯ ಆವೃತ್ತಿ ಅದನ್ನು ಕೈಬಿಟ್ಟಿತು. ಬಳಿಕ ಪ್ಯಾಂಗೊ ಮತ್ತು ಕ್ಯೂಟಿ ಎಂಬ ಎರಡು ಯೋಜನೆಗಳು ಅದರ ಪ್ರತಿಗಳನ್ನು ಪ್ರತ್ಯೇಕವಾಗಿ ಬೆಳೆಸಿದವು. ಒಂದು ಪ್ರತಿಯಲ್ಲಿ ಆದ ತಿದ್ದುಪಡಿ ಇನ್ನೊಂದಕ್ಕೆ ತಾನಾಗಿ ತಲುಪುವಂತಿರಲಿಲ್ಲ. ನಿಬಂಧನೆಗಳೂ ಭಿನ್ನವಾಗಿದ್ದವು: ಪ್ಯಾಂಗೊ ಎಲ್‌ಜಿಪಿಎಲ್ ಪರವಾನಗಿಯ ಯೋಜನೆ, ಕ್ಯೂಟಿಗೆ ವಾಣಿಜ್ಯ ಪರವಾನಗಿಯೂ ಇತ್ತು. ಕೊನೆಗೆ ಕವಲುಗಳನ್ನು ಕೂಡಿಸಿದಾಗ, ಎಲ್ಲರಿಗೂ ಒಗ್ಗುವ ಎಂಐಟಿ ಮಾದರಿಯ ಸರಳ ಪರವಾನಗಿಯನ್ನು ಸ್ವೀಕರಿಸಲಾಯಿತು. ಬೆಹದಾದ್ ಇಸ್ಫಹಬೋದ್ ಅವರ ನೇತೃತ್ವದಲ್ಲಿ ಮುಂದೆ ಮರುರಚನೆಗೊಂಡ ಈ ತಂತ್ರಾಂಶ ಇಂದು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಬಳಕೆಯಲ್ಲಿದೆ. ಪರವಾನಗಿಯ ಗಂಟು ಸಡಿಲಗೊಂಡ ನಂತರವೇ ಒಂದೆಡೆ ಮಾಡಿದ ದುರಸ್ತಿ ಎಲ್ಲೆಡೆ ಹರಡಲು ಸಾಧ್ಯವಾಯಿತೆಂಬುದು ಇಲ್ಲಿ ಗಮನಾರ್ಹ.

ವೇದಿಕೆಯ ತೊಡಕುಗಳು ಕನ್ನಡದಲ್ಲಿ ಹೇಗೆ ತೋರಿಕೊಳ್ಳುತ್ತವೆ ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು. ಮೊದಲನೆಯದು ಅರ್ಕಾವತ್ತು. ‘ರ’ಕಾರದ ಮುಂದೆ ವಿರಾಮವೂ ವ್ಯಂಜನವೂ ಬಂದರೆ ಅರ್ಕಾವತ್ತು ಮೂಡುತ್ತದೆ, ‘ರ‍್ಯಾಂಕ್’ ಎಂಬಲ್ಲಿ ಅದು ಬೇಡವಾದ್ದರಿಂದ ‘ರ’ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕು. ಈ ಕ್ರಮವನ್ನು ಅರಿಯದ ತಂತ್ರಾಂಶದಲ್ಲಿ ಅದೇ ಕಡತ ಬೇರೆ ರೂಪ ತಾಳುತ್ತದೆ. ಎರಡನೆಯದು ಓಪನ್‌ಟೈಪ್ ಫಾಂಟಿನೊಳಗಿನ ಲಿಪಿಸೂಚಿ. ಕನ್ನಡಕ್ಕೆ ‘ಕೆಎನ್‌ಡಿಎ’ ಎಂಬ ಹಳೆಯ ಸೂಚಿಯೂ ‘ಕೆಎನ್‌ಡಿ2’ ಎಂಬ ಹೊಸ ಸೂಚಿಯೂ ಇವೆ. ಒತ್ತಕ್ಷರದ ನಿಯಮ ಬರೆಯುವಾಗ ಹಳೆಯದರಲ್ಲಿ ವ್ಯಂಜನದ ನಂತರ ವಿರಾಮ, ಹೊಸದರಲ್ಲಿ ವಿರಾಮದ ನಂತರ ವ್ಯಂಜನ. ಸೂಚಿಯನ್ನು ಬದಲಿಸಿ ನಿಯಮದ ಕ್ರಮವನ್ನು ಬದಲಿಸದಿದ್ದರೆ ಒತ್ತಕ್ಷರ ಕೂಡಿಕೊಳ್ಳದೆ ಒಡೆದು ಕಾಣುತ್ತದೆ.

ಮೂರನೆಯದು ಗ್ರಂಥಾಲಯಗಳಿಗೆ ನೇರವಾಗಿ ಸಂಬಂಧಿಸಿದ್ದು. ಆಧುನಿಕ ಕನ್ನಡದ ಸಂಕೇತಗಳೆಲ್ಲ 16 ಬಿಟ್‌ಗಳ ಮಿತಿಯೊಳಗಿದ್ದು, ಯುಟಿಎಫ್-8 ಕ್ರಮದಲ್ಲಿ ತಲಾ 3 ಬೈಟ್ ಹಿಡಿಯುತ್ತವೆ. ಆದ್ದರಿಂದ ಅಷ್ಟಕ್ಕೇ ಸೀಮಿತವಾದ ಎರವಲು ಸಂಕೇತದ ದೋಷ ಕನ್ನಡದಲ್ಲಿ ಹೊರಗೆ ಕಾಣುವುದೇ ಇಲ್ಲ. ಕರಾವಳಿಯ ಹಸ್ತಪ್ರತಿಗಳಲ್ಲಿ ದೊರೆಯುವ ತಿಗಳಾರಿ ಲಿಪಿಗೆ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ 2024ರ ಯೂನಿಕೋಡ್ 16.0ರಲ್ಲಿ ದೊರೆತ ಸ್ಥಾನವು ಆ ಮಿತಿಯ ಆಚೆಗಿದೆ. ಅದರ ಅಕ್ಷರಕ್ಕೆ 4 ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ 3 ಬೈಟ್ ಮಿತಿಯ ಹಳೆಯ ಯುಟಿಎಫ್-8 ಬಗೆಯನ್ನು ಉಳಿಸಿಕೊಂಡ ದತ್ತಸಂಚಯದಲ್ಲಿ ಕನ್ನಡ ಶೀರ್ಷಿಕೆ ಸುರಕ್ಷಿತವಾಗಿ ಕೂರುತ್ತದೆ, ತಿಗಳಾರಿ ಶೀರ್ಷಿಕೆ ಕೂರುವುದಿಲ್ಲ.

ಇನ್ನು ಪರವಾನಗಿಯ ವಿಚಾರ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕಕ್ರಮವನ್ನು ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯಲ್ಲಿಯೇ ಸೇರಿಸುತ್ತದೆ. ಆದಕಾರಣ ಯಾವ ಪರವಾನಗಿಯನ್ನೂ ಬರೆಯದೆ ಹಂಚಿದ ಸಂಕೇತ ಮುಕ್ತವೆನಿಸುವುದಿಲ್ಲ. ಕರ್ತೃ ವ್ಯಕ್ತಿಯಾಗಿದ್ದಲ್ಲಿ, ಅವರ ಜೀವಿತಾವಧಿಯಲ್ಲಿಯೂ ತದನಂತರ 60 ವರ್ಷಗಳ ಕಾಲವೂ ಹಕ್ಕು ಉಳಿದಿರುತ್ತದೆ. ಉಚಿತವಾಗಿ ಸಿಗುವುದಕ್ಕೂ ತಿದ್ದುವ ಅನುಮತಿ ಇರುವುದಕ್ಕೂ ಅಂತರವಿದೆ. ಮುಕ್ತ ಪರವಾನಗಿಗಳೂ ಪರಸ್ಪರ ಹೊಂದಿಕೊಳ್ಳಬೇಕಾಗುತ್ತದೆ. ಫ್ರೀಟೈಪ್‌ನ ಸ್ವಂತ ಪರವಾನಗಿಯಲ್ಲಿರುವ ಕೃತಜ್ಞತಾ ನಿಬಂಧನೆಯು ಜಿಪಿಎಲ್ ಎರಡನೆಯ ಆವೃತ್ತಿಯೊಡನೆ ಹೊಂದುವುದಿಲ್ಲ. ಆದ್ದರಿಂದಲೇ ಫ್ರೀಟೈಪ್ ತನ್ನ ಸಂಕೇತವನ್ನು ಎರಡರಲ್ಲಿ ಯಾವುದಾದರೊಂದರ ಅಡಿ ಬಳಸಲು ಅವಕಾಶವಿತ್ತಿದೆ.

ಫಾಂಟಿಗೆ ಜಿಪಿಎಲ್ ಅನ್ವಯಿಸಿದಾಗ ಇನ್ನೊಂದು ಸಂದೇಹ ಹುಟ್ಟಿತು: ಫಾಂಟನ್ನು ಅಡಕ ಮಾಡಿದ ಪುಸ್ತಕದ ಪಿಡಿಎಫ್ ಕೂಡ ಅದೇ ಪರವಾನಗಿಗೆ ಒಳಪಡುವುದೇ? ಈ ಸಂದೇಹದ ನಿವಾರಣೆಗೆ ವಿಶೇಷ ವಿನಾಯಿತಿಯ ವಾಕ್ಯವನ್ನು ಸೇರಿಸಬೇಕಾಯಿತು. 2007ರಲ್ಲಿ ಬಂದ ಎಸ್‌ಐಎಲ್ ಸಂಸ್ಥೆಯ ಮುಕ್ತ ಫಾಂಟ್ ಪರವಾನಗಿಯ 1.1ನೆಯ ಆವೃತ್ತಿ, ತಾನು ದಸ್ತಾವೇಜುಗಳಿಗೆ ಅನ್ವಯಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಕನ್ನಡವನ್ನೂ ಒಳಗೊಂಡ ಲೋಹಿತ್ ಫಾಂಟ್‌ಮಾಲೆ 2011ರಲ್ಲಿ ಜಿಪಿಎಲ್‌ನಿಂದ ಇದಕ್ಕೆ ಬದಲಾಯಿತು. ಈ ಪರವಾನಗಿಯಲ್ಲಿ ಕರ್ತೃ ಫಾಂಟಿನ ಹೆಸರನ್ನು ಕಾಯ್ದಿರಿಸಬಹುದು. ಹಾಗಿದ್ದಲ್ಲಿ ಕೊಂಕಣಿಯ ಚಿಹ್ನೆ ಸೇರಿಸಿ ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ, ಅದೇ ಪರವಾನಗಿಯಡಿ ಹಂಚಬೇಕು.

ಮೇಲಿನ ವಿವೇಚನೆಯಿಂದ ದುರಸ್ತಿಯ ಒಂದು ಕ್ರಮ ಸಿದ್ಧಿಸುತ್ತದೆ. ಮೊದಲು ಪ್ರತಿ ಕಡತದ ಮೂಲ, ಕರ್ತೃ, ಪರವಾನಗಿಗಳನ್ನು ದಾಖಲಿಸಬೇಕು. ಪರವಾನಗಿ ಇಲ್ಲದ ಭಾಗಕ್ಕೆ ಲಿಖಿತ ಅನುಮತಿ ಪಡೆಯಬೇಕು, ದೊರೆಯದಿದ್ದರೆ ಆ ಭಾಗವನ್ನು ಹೊಸದಾಗಿ ಬರೆಯಬೇಕು. ಅನಂತರವೇ ವೇದಿಕೆಯ ದೋಷಗಳಿಗೆ ಕೈಹಾಕಿ, ಒತ್ತಕ್ಷರ, ಅರ್ಕಾವತ್ತು, ಕೊಂಕಣಿ ಚಿಹ್ನೆಗಳನ್ನು ಒಳಗೊಂಡ ಒಂದೇ ಪರೀಕ್ಷಾಪಠ್ಯವನ್ನು ಎಲ್ಲ ವ್ಯವಸ್ಥೆಗಳಲ್ಲಿ ಓಡಿಸಿ ನೋಡಬೇಕು. ಕಡೆಯದಾಗಿ, ತಿದ್ದುಪಡಿಯನ್ನು ಮೂಲ ಯೋಜನೆಗೆ ಹಿಂದಿರುಗಿಸಬೇಕು. ಹಿಂದಿರುಗಿಸದೆ ಉಳಿಸಿಕೊಂಡ ತಿದ್ದುಪಡಿಯನ್ನು ಮೂಲದ ಪ್ರತಿ ಹೊಸ ಆವೃತ್ತಿಗೂ ಮತ್ತೆ ಹೊಂದಿಸುತ್ತಲೇ ಇರಬೇಕಾಗುತ್ತದೆ.

ಸಾರ್ವಜನಿಕ ಸಂಸ್ಥೆಗಳು ಫಾಂಟನ್ನಾಗಲಿ ತಂತ್ರಾಂಶವನ್ನಾಗಲಿ ಸಿದ್ಧಪಡಿಸಿಕೊಳ್ಳುವಾಗ ಮೂಲಸಂಕೇತವನ್ನೂ ಪರವಾನಗಿ ಪತ್ರವನ್ನೂ ಜೊತೆಯಾಗಿ ಸಂಗ್ರಹಿಸಿಡುವುದು ಆವಶ್ಯಕ. ದೊಡ್ಡ ಭಾಷೆಗಳ ಕೊರತೆಯನ್ನು ಮಾರುಕಟ್ಟೆ ತುಂಬೀತು. ಕರಾವಳಿಯ ಕೊಂಕಣಿಯ ಒಂದು ಅನುನಾಸಿಕ ಚಿಹ್ನೆಗೆ, ತಿಗಳಾರಿಯ ಒಂದು ಅಕ್ಷರಕ್ಕೆ ಅಂಥ ಭರವಸೆಯಿಲ್ಲ. ಅವು ತೆರೆಯ ಮೇಲೆ ಮೂಡುವುದು, ಅವನ್ನು ಬಲ್ಲವರ ಕೈಗೆ ತಿದ್ದುವ ಹಕ್ಕೂ ತಿದ್ದಬಹುದಾದ ಸಂಕೇತವೂ ಒಟ್ಟಿಗೆ ತಲುಪಿದಾಗ ಮಾತ್ರ.