ಅಕ್ಯುಪಂಕ್ಚರ್: ನೋವು ತಗ್ಗಿಸಬಹುದು, ಮೂಲ ಹುಡುಕಲೇಬೇಕು

ಕೊಳಗಲ್ಲು, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ದಿನವಿಡೀ ಕತ್ತು ಬಾಗಿದ್ದೇ. ಸೊಂಟ, ಮಂಡಿ, ಕುತ್ತಿಗೆ ಹಿಡಿದವರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರಿಗೆ ಅಕ್ಯುಪಂಕ್ಚರ್ ಬಗ್ಗೆ ಆಸೆಯೂ ಇದೆ, ಅನುಮಾನವೂ ಇದೆ.

ತಪ್ಪು ಕಲ್ಪನೆ: ಆ ಸೂಜಿಯಲ್ಲಿ ನೋವಿನ ಔಷಧಿ ಇರುತ್ತದೆ.
ವಾಸ್ತವ: ಇಲ್ಲ. ಇಂಜೆಕ್ಷನ್ ಸೂಜಿಯಂತೆ ಅದು ಟೊಳ್ಳಲ್ಲ. ಕೂದಲಿಗಿಂತ ತುಸು ದಪ್ಪದ ಗಟ್ಟಿ ತಂತಿ. ಚುಚ್ಚಿ ಸಾಮಾನ್ಯವಾಗಿ 20-30 ನಿಮಿಷ ಹಾಗೇ ಬಿಡುತ್ತಾರೆ. ಸೂಜಿ ನರಗಳನ್ನು ಕೆಣಕಿದಾಗ ದೇಹವೇ ನೋವು ತಗ್ಗಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತದೆ ಎನ್ನುವುದು ಇಂದಿನ ವಿವರಣೆ.

ತಪ್ಪು ಕಲ್ಪನೆ: ಅದು ರೋಗವನ್ನು ಬೇರುಸಹಿತ ಕೀಳುತ್ತದೆ.
ವಾಸ್ತವ: ಜನರನ್ನು ಹೆಚ್ಚು ದಾರಿ ತಪ್ಪಿಸುವ ಮಾತೇ ಇದು. ಉದಾಹರಣೆಗೆ, ಬಳ್ಳಾರಿ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಬೇರೆ ನೀರು ಸಿಗದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕೀಲು ಬಿಗಿಯುತ್ತವೆ. ಮೂರು ಸರಳ ಪರೀಕ್ಷೆಗಳಿವೆ: ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂದಕ್ಕೆ ಒಯ್ಯುವುದು. ಇವು ಆಗದಿದ್ದರೆ ವೈದ್ಯರಿಗೆ ತೋರಿಸಿ, ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇಲ್ಲಿ ಮೊದಲ ಮದ್ದು ನೀರು ಬದಲಿಸುವುದು. ಸೂಜಿಯಿಂದ ನಾಲ್ಕು ದಿನ ಹಗುರವಾದರೂ ಎಲುಬಿಗೆ ಸೇರಿದ ಫ್ಲೋರೈಡ್ ಕರಗದು.

ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವುದು, ಬೆನ್ನೆಲುಬಿನ ಕ್ಷಯ, ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಊದುವುದು, ಇವಕ್ಕೂ ಅವುಗಳದೇ ಚಿಕಿತ್ಸೆ ಬೇಕು.

ತಪ್ಪು ಕಲ್ಪನೆ: ಹಾಗಾದರೆ ಅಕ್ಯುಪಂಕ್ಚರ್ ಬರೀ ಭ್ರಮೆ.
ವಾಸ್ತವ: ಅದೂ ಸರಿಯಲ್ಲ. ಸುಮಾರು 20 ಸಾವಿರ ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಬೆನ್ನು, ಕುತ್ತಿಗೆ, ಮಂಡಿ ನೋವು ಮತ್ತು ತಲೆನೋವಿಗೆ ಉಪಯೋಗ ಕಂಡಿದೆ. ಆದರೆ ತೋರಿಕೆಗೆ ಚುಚ್ಚಿದ ಸೂಜಿಗೂ ನಿಜವಾದ ಚಿಕಿತ್ಸೆಗೂ ಇದ್ದ ವ್ಯತ್ಯಾಸ ಚಿಕ್ಕದು. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದು ಬೇಡವೆಂದಿತು. 2021ರಲ್ಲಿ ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಪ್ರಯತ್ನಿಸಬಹುದು ಎಂದಿತು. ನನ್ನ ದೃಷ್ಟಿಯಲ್ಲಿ ಇದು ವ್ಯಾಯಾಮ, ಕೆಲಸದ ನಡುವಿನ ವಿಶ್ರಾಂತಿಗಳ ಜೊತೆಗಿರಬೇಕಾದ ಸಹಾಯ. ದಿನಾ ನೋವಿನ ಮಾತ್ರೆ ನುಂಗಿ ಮೂತ್ರಪಿಂಡ ಕೆಡಿಸಿಕೊಳ್ಳುವುದಕ್ಕಿಂತ ಖಂಡಿತ ಮೇಲು.

ತಪ್ಪು ಕಲ್ಪನೆ: ಸ್ಕ್ಯಾನಿಂಗಿನಲ್ಲಿ ಬೆನ್ನೆಲುಬಿನ ಡಿಸ್ಕ್ ಉಬ್ಬಿದೆ, ನೋವಿಗೆ ಅದೇ ಕಾರಣ.
ವಾಸ್ತವ: ಮೂಲ ಹುಡುಕುವಾಗ ಸ್ಕ್ಯಾನ್ ಒಂದನ್ನೇ ನಂಬಬಾರದು. ನೋವೇ ಇಲ್ಲದ 20ರ ಹರೆಯದವರಲ್ಲೂ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಚಿತ್ರ ನೋಡಿ ಹೆದರಬೇಡಿ, ವೈದ್ಯರು ಮೈ ಮುಟ್ಟಿ ಪರೀಕ್ಷಿಸಲಿ.

ತಪ್ಪು ಕಲ್ಪನೆ: ಯಾರು ಚುಚ್ಚಿದರೂ ಅಪಾಯವಿಲ್ಲ.
ವಾಸ್ತವ: 2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿತೇ ಹೊರತು ಚುಚ್ಚುವವರಿಗೆಲ್ಲ ಪರವಾನಗಿ ಕೊಡಲಿಲ್ಲ. ಎದೆಯ ಬಳಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ಪೆಟ್ಟು. ಬಳಸಿದ ಸೂಜಿಯಿಂದ ಹೆಪಟೈಟಿಸ್. ತರಬೇತಿ ಪಡೆದವರ ಬಳಿಯೇ ಹೋಗಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಸಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಬೆನ್ನುನೋವಿನ ಜೊತೆ ಜ್ವರ ಬಂದರೆ, ತೂಕ ಇಳಿದರೆ, ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಯಾವ ಸೂಜಿಗೂ ಕಾಯಬೇಡಿ. ಎದೆಯಿಂದ ಎಡಗೈಗೆ ನೋವು ಹರಿದರೂ ಅಷ್ಟೇ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತಡಮಾಡದೆ ಹೋಗಿ.