ಆಂಗ್ಲ ನುಡಿಗಟ್ಟುಗಳಲ್ಲಿ ಮರಣ ಮತ್ತು ಅಸಮ್ಮತಿ

ಬಿಡಿ ಪದಗಳ ಅರ್ಥವನ್ನು ಕೂಡಿಸಿದ ಮಾತ್ರಕ್ಕೆ ನುಡಿಗಟ್ಟಿನ ಅರ್ಥವು ದೊರೆಯದು. ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗ ರೂಢಿಯ ಬಲದಿಂದ ಬೇರೊಂದು ಅರ್ಥವು ತೋರುವುದನ್ನು ನಮ್ಮ ಆಲಂಕಾರಿಕರು ಲಕ್ಷಣೆಯ ಒಂದು ಬಗೆಯೆಂದು ವಿವರಿಸಿದ್ದಾರೆ. ಆಂಗ್ಲ ಭಾಷೆಯ 'ಕಿಕ್ ದಿ ಬಕೆಟ್' ಎಂಬುದು ಇದಕ್ಕೆ ಒಳ್ಳೆಯ ನಿದರ್ಶನ. ಬಕೆಟ್ಟನ್ನು ಒದೆಯುವುದು ವಾಚ್ಯಾರ್ಥ, ಸಾಯುವುದು ರೂಢಾರ್ಥ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಗ್ರಾಮ್ಯಪದಗಳ ಕೋಶದಲ್ಲಿ ಇದು ಸೇರಿದೆ. ಇಂದಿಗೂ ಅದು ಲಘುವಾದ ಆಡುಮಾತೇ ಹೊರತು ಶೋಕದ ಮಾತಲ್ಲ.

ಅರ್ಥವನ್ನಷ್ಟೇ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ತಂದೆಯನ್ನು ಕಳೆದುಕೊಂಡ ಗೆಳೆಯನಿಗೆ ಸಂತಾಪಪತ್ರದಲ್ಲಿ ಇದನ್ನೇ ಬರೆದನೆನ್ನಿ. ವ್ಯಾಕರಣದಲ್ಲಿ ದೋಷವಿಲ್ಲ; ಆದರೆ 'ನಿಮ್ಮ ತಂದೆ ಗೊಟಕ್ಕೆಂದರಂತೆ' ಎಂದು ಬರೆದಷ್ಟೇ ಕ್ರೂರವಾಗುತ್ತದೆ. ಲಿಂಗೈಕ್ಯರಾದರು, ತೀರಿಕೊಂಡರು, ಸತ್ತರು, ಗೊಟಕ್ಕೆಂದರು ಎಂಬ ಮೆಟ್ಟಿಲುಗಳು ನಮ್ಮಲ್ಲಿರುವಂತೆ ಆಂಗ್ಲರಲ್ಲಿಯೂ ಇವೆ. 'ಪಾಸ್ ಅವೇ' ಸೌಜನ್ಯದ ಮಾತು, 'ಡೈ' ನೇರವಾದ ಮಾತು, 'ಕಿಕ್ ದಿ ಬಕೆಟ್' ವಿನೋದದ ಮಾತು. ಅಮಂಗಳವನ್ನು ಅಶ್ಲೀಲದೋಷದ ಒಂದು ಬಗೆಯೆಂದು ಎಣಿಸಿದ ನಮ್ಮ ಕಾವ್ಯಮೀಮಾಂಸೆಗೆ ಈ ತಾರತಮ್ಯವು ಹೊಸದಲ್ಲ.

ಅಸಮ್ಮತಿಯ ನುಡಿಗಳಲ್ಲಿಯೂ ಇದೇ ಎಚ್ಚರ ಬೇಕು. 'ಟರ್ನ್ ಅಪ್ ಒನ್ಸ್ ನೋಸ್' ಎಂಬುದು ನಮ್ಮ 'ಮೂಗು ಮುರಿ'ಗೆ ಸಮೀಪವಾದುದು. 'ರೈಸ್ ಐಬ್ರೋಸ್' ಎಂಬುದು ಹಾಗಲ್ಲ: ನಾವು ಹುಬ್ಬೇರಿಸುವುದು ಬಹುಮಟ್ಟಿಗೆ ಅಚ್ಚರಿಯಿಂದ, ಅಲ್ಲಿ ಅಚ್ಚರಿಯೊಡನೆ ಮೆಲ್ಲನೆಯ ಆಕ್ಷೇಪವೂ ಬೆರೆತಿರಬಹುದು. 'ಟೇಕ್ ಎ ಡಿಮ್ ವ್ಯೂ' ಎಂದರೆ ಮಂದದೃಷ್ಟಿಯಲ್ಲ, ಒಪ್ಪದಿರುವುದು.

ಮರಣವೂ ಅಸಮ್ಮತಿಯೂ ಒಂದೆಡೆ ಸೇರಿರುವ ನುಡಿ 'ಓವರ್ ಮೈ ಡೆಡ್ ಬಾಡಿ'. ಇಲ್ಲಿ ಹೆಣದ ಪ್ರಸ್ತಾಪವಿದ್ದರೂ ಸಾವಿನ ಸುದ್ದಿಯಿಲ್ಲ. 'ಸತ್ತರೂ ಒಪ್ಪೆನು' ಎಂಬ ಕಡು ನಿರಾಕರಣೆಯಿದೆ. ಸಮಾನಸ್ಕಂಧರ ವಾದದಲ್ಲಿ ಇದು ಸಲ್ಲುತ್ತದೆ. ಹಿರಿಯರಿಗೆ ಬರೆಯುವ ಮನವಿಯಲ್ಲಿ ಉದ್ಧಟತನವೆನಿಸುತ್ತದೆ.

ಆದಕಾರಣ ಅಧ್ಯಾಪಕರು ನುಡಿಗಟ್ಟಿನ ಮುಂದೆ ಅರ್ಥವೊಂದನ್ನೇ ಬರೆಸಿದರೆ ಸಾಲದು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಆಡುವ ಮಾತು ಎಂಬುದನ್ನೂ ಬರೆಸಬೇಕು. ತಪ್ಪು ಕಾಗುಣಿತವನ್ನು ಓದುಗನು ಕ್ಷಮಿಸಿಯಾನು. ದುಃಖದ ಹೊತ್ತಿನಲ್ಲಿ ಬಂದ ಪರಿಹಾಸದ ಮಾತನ್ನು ಮರೆಯುವುದು ಅಷ್ಟು ಸುಲಭವಲ್ಲ.