ಡಾರ್ವಿನ್ನನ ಗೆಳೆಯ, ಕ್ರಿಸ್ತನ ಭಕ್ತ

1857ರ ಸೆಪ್ಟೆಂಬರ್ 5ರಂದು ಚಾರ್ಲ್ಸ್ ಡಾರ್ವಿನ್ ಅಮೆರಿಕಕ್ಕೊಂದು ಕಾಗದ ಬರೆದ. ವರ್ಷಗಟ್ಟಲೆ ಕೆಲವೇ ಆಪ್ತರೊಡನೆ ಹಂಚಿಕೊಂಡಿದ್ದ ನಿಸರ್ಗದ ಆಯ್ಕೆಯ ವಿಚಾರವನ್ನು ಅದರಲ್ಲಿ ಬಿಡಿಸಿಟ್ಟಿದ್ದ. ಮರುವರ್ಷ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವಾಲೇಸನ ಪ್ರಬಂಧದ ಜೊತೆ ಡಾರ್ವಿನ್ನನ ಬರಹಗಳನ್ನು ಓದಿದಾಗ, ಈ ಕಾಗದದ ಒಂದು ಭಾಗವೂ ಅವುಗಳಲ್ಲಿತ್ತು. ಅದನ್ನು ಪಡೆದವನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಏಸಾ ಗ್ರೇ. ನೈಸೀನ್ ವಿಶ್ವಾಸಪ್ರಮಾಣವನ್ನು ಮನಸಾರೆ ಒಪ್ಪಿದ್ದ ಕ್ರೈಸ್ತ. ವಿಕಾಸವಾದಕ್ಕೂ ಕ್ರೈಸ್ತ ನಂಬಿಕೆಗೂ ಹುಟ್ಟಿನಿಂದಲೇ ಹಗೆ ಎಂದುಕೊಂಡವರು ಈ ಮನುಷ್ಯನ ಬದುಕನ್ನೊಮ್ಮೆ ನೋಡಬೇಕು.

ಗ್ರೇ ಗೆಳೆತನಕ್ಕೆ ಕಟ್ಟುಬಿದ್ದು ತಲೆಯಾಡಿಸಿದವನಲ್ಲ. ಆ ಹೊತ್ತಿಗೆ ಅವನ ಮೇಜಿನ ಮೇಲೆ ಜಪಾನಿನಿಂದ ಬಂದ ಒಣಗಿಡಗಳ ರಾಶಿಯೇ ಇತ್ತು. ಅವುಗಳನ್ನು ಬಿಡಿಸಿ ನೋಡಿದಂತೆಲ್ಲ ಒಂದು ವಿಚಿತ್ರ ಕಣ್ಣಿಗೆ ಬಿತ್ತು: ಜಪಾನಿನ ಗಿಡಗಳ ಹತ್ತಿರದ ನೆಂಟರು ಇದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಲ್ಲ, ಇನ್ನೂ ದೂರದ ಪೂರ್ವ ಭಾಗದಲ್ಲಿ. ಮ್ಯಾಗ್ನೋಲಿಯಾ ಇದಕ್ಕೆ ಒಳ್ಳೆಯ ಉದಾಹರಣೆ (ನಮ್ಮ ಸಂಪಿಗೆಯೂ ಅದೇ ಮನೆತನದ್ದು). ಜಿನ್‌ಸೆಂಗ್ ಇನ್ನೊಂದು. ನಡುವಿನ ಅಷ್ಟು ನೆಲದಲ್ಲಿ ಇವುಗಳ ಸುಳಿವಿಲ್ಲ. 1859ರ ಆರಂಭದಲ್ಲಿ, ಡಾರ್ವಿನ್ನನ ಪುಸ್ತಕ ಹೊರಬರುವ ಮೊದಲೇ, ಗ್ರೇ ಕಾರಣ ಕೊಟ್ಟ. ಒಂದು ಕಾಲಕ್ಕೆ ಉತ್ತರದ ನೆಲವೆಲ್ಲ ಬೆಚ್ಚಗಿತ್ತು, ಒಂದೇ ಕಾಡು ಅಲ್ಲಿ ಉದ್ದಕ್ಕೂ ಹಬ್ಬಿತ್ತು. ಆಮೇಲೆ ಚಳಿಯೂ ಹಿಮವೂ ಆ ಕಾಡನ್ನು ದಕ್ಷಿಣಕ್ಕೆ ತಳ್ಳಿದವು. ಎರಡು ತುದಿಗಳಲ್ಲಿ ಉಳಿದುಕೊಂಡ ಗಿಡಗಳು ಒಂದೇ ಪೂರ್ವಜರ ಮಕ್ಕಳು.

ಇದನ್ನು ಎದುರಿಸಿದವನು ಹಾರ್ವರ್ಡಿನಲ್ಲೇ ಇದ್ದ ಪ್ರಖ್ಯಾತ ಪ್ರಾಣಿವಿಜ್ಞಾನಿ ಲೂಯಿ ಅಗಾಸಿ. ದೇವರು ಪ್ರತಿ ಪ್ರಭೇದವನ್ನೂ ಅದರದರ ಜಾಗದಲ್ಲೇ ಬೇರೆಬೇರೆಯಾಗಿ ಸೃಷ್ಟಿಸಿದ ಎಂಬುದು ಅವನ ವಾದ. ಅದನ್ನು ಅವನು ಮನುಷ್ಯರಿಗೂ ಹಚ್ಚಿದ: ಕರಿಯರ ಮೂಲ ಬೇರೆ, ಬಿಳಿಯರ ಮೂಲ ಬೇರೆ ಎಂದ. ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದವರಿಗೆ ಇದಕ್ಕಿಂತ ಬೇಕಾದ ಮಾತು ಇನ್ನೇನಿತ್ತು? ಗ್ರೇಯ ಸಸ್ಯಶಾಸ್ತ್ರ ಹೇಳುತ್ತಿದ್ದದ್ದು ತದ್ವಿರುದ್ಧ. ಹೋಲುವ ಜೀವಿಗಳೆಲ್ಲ ಒಂದೇ ಮೂಲದವು ಎಂದಾದರೆ ಮನುಷ್ಯಕುಲವೂ ಒಂದೇ. ಅವನ ಬೈಬಲ್ ಕೂಡ ಅದನ್ನೇ ಹೇಳಿತ್ತು. ಧರ್ಮವೂ ವಿಜ್ಞಾನವೂ ಇಲ್ಲಿ ಒಟ್ಟಿಗೆ ನಿಂತದ್ದು ಅತ್ಯಂತ ಮುಖ್ಯವಾದ ಪ್ರಶ್ನೆಯೊಂದರಲ್ಲಿ. ವಿಕಾಸವಾದವೆಂದರೆ ಮನುಷ್ಯನ ಘನತೆಗೆ ಕುಂದು ಎನ್ನುವವರಿಗೆ ನನ್ನ ಮೊದಲ ಉತ್ತರ ಇದೇ.

ಆದರೆ ಗ್ರೇ ಒಂದು ಕಡೆ ಎಡವಿದ. 1860ರಲ್ಲಿ ಬರೆದ ಪ್ರಬಂಧಗಳಲ್ಲಿ, ನಿಸರ್ಗದ ಆಯ್ಕೆಯನ್ನು ಒಪ್ಪಿದರೂ ದೇವರನ್ನು ಬಿಡಬೇಕಾಗಿಲ್ಲ ಎಂದು ಅವನು ತೋರಿಸಿಕೊಟ್ಟ. ಡಾರ್ವಿನ್ನನಿಗೆ ಅವು ಎಷ್ಟು ಹಿಡಿಸಿದವೆಂದರೆ ತಾನೇ ಮುಂದೆ ನಿಂತು ಇಂಗ್ಲೆಂಡಿನಲ್ಲಿ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದ. ಆದರೆ ಅವುಗಳಲ್ಲೇ ಗ್ರೇ, ಜೀವಿಗಳಲ್ಲಿ ಹುಟ್ಟುವ ವ್ಯತ್ಯಾಸಗಳನ್ನು ದೇವರೇ ಒಳ್ಳೆಯ ದಿಕ್ಕಿಗೆ ನಡೆಸುತ್ತಾನೆ ಎಂದುಕೊಳ್ಳಬಹುದಲ್ಲ ಎಂದಿದ್ದ. ವ್ಯತ್ಯಾಸ ಯಾಕೆ ಹುಟ್ಟುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಆ ಖಾಲಿ ಜಾಗದಲ್ಲಿ ಅವನು ದೇವರನ್ನು ಕೂರಿಸಿದ. ಡಾರ್ವಿನ್ 1868ರ ಪುಸ್ತಕದ ಕೊನೆಯಲ್ಲಿ ಗೆಳೆಯನ ಹೆಸರು ಹಿಡಿದೇ ಉತ್ತರಿಸಿದ. ಬೆಟ್ಟದಿಂದ ಬಿದ್ದ ಕಲ್ಲುಗಳನ್ನು ಆಯ್ದು ಒಬ್ಬ ಮನೆ ಕಟ್ಟಿದರೆ, ಒಂದೊಂದು ಕಲ್ಲು ಒಡೆದ ಆಕಾರಕ್ಕೂ ಕಾರಣವಿರುತ್ತದೆ ನಿಜ. ಹಾಗೆಂದು ಅವು ಅವನ ಮನೆಗಾಗಿಯೇ ಒಡೆದವು ಎನ್ನಲಾಗದು.

ಮುಂದಿನ ಶತಮಾನದ ಪ್ರಯೋಗಗಳು ಡಾರ್ವಿನ್ನನ ಪರವಾಗಿಯೇ ಬಂದವು. 1943ರಲ್ಲಿ ಲೂರಿಯಾ ಮತ್ತು ಡೆಲ್ಬ್ರೂಕ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳಲ್ಲಿ ಕಂಡದ್ದು ಇದು: ವೈರಸ್ಸನ್ನು ತಡೆದುಕೊಳ್ಳುವ ಬದಲಾವಣೆ, ವೈರಸ್ ಎದುರಾಗುವ ಮೊದಲೇ, ಅದರ ಅಗತ್ಯದ ಹಂಗಿಲ್ಲದೆ ಹುಟ್ಟಿರುತ್ತದೆ. ಗ್ರೇ ದೇವರಿಗೆ ಕಾದಿರಿಸಿದ್ದ ಜಾಗ ಹೀಗೆ ಮುಚ್ಚಿಹೋಯಿತು. ಅದರಿಂದ ಕ್ರೈಸ್ತ ನಂಬಿಕೆ ಕುಸಿಯಿತೇ? ಆ ಶತಮಾನದ ಹೊಸ ತಳಿವಿಜ್ಞಾನವನ್ನೂ ಡಾರ್ವಿನ್ನನ ವಾದವನ್ನೂ ಬೆಸೆದವರಲ್ಲೇ ರೊನಾಲ್ಡ್ ಫಿಶರ್ ಆಂಗ್ಲಿಕನ್ ಭಕ್ತನಾಗಿದ್ದ, ಥಿಯೊಡೋಸಿಯಸ್ ಡಾಬ್‌ಜಾನ್‌ಸ್ಕಿ ಆರ್ಥಡಾಕ್ಸ್ ಕ್ರೈಸ್ತನಾಗಿದ್ದ. ಬಿತ್ತನೆಗೂ ಮಳೆಗೂ ಕಾರಣ ತಿಳಿದ ಮೇಲೂ ಅನ್ನಕ್ಕಾಗಿ ದೇವರಿಗೆ ಕೃತಜ್ಞನಾಗಿರುವ ರೈತ ಯಾವ ತಪ್ಪನ್ನೂ ಮಾಡುತ್ತಿಲ್ಲ. ಸೃಷ್ಟಿಕರ್ತ ಎಂದರೆ ಇಡೀ ಜಗತ್ತನ್ನೂ ಅದರ ನಿಯಮಗಳನ್ನೂ ಇರಗೊಡುವವನು ಎಂಬುದು ಚರ್ಚಿನ ಹಳೆಯ ಬೋಧನೆಯೇ. ವಿವರಣೆ ಸಿಗದ ಕಡೆಗಳಲ್ಲಿ ಮಾತ್ರ ಅವನನ್ನು ಹುಡುಕುವುದು ಆ ನಂಬಿಕೆಯನ್ನು ಕುಗ್ಗಿಸಿದಂತೆ.

ಸಾಕ್ಷ್ಯಗಳ ಬಗ್ಗೆ ಅನುಮಾನವಿದ್ದವರು ನಮ್ಮದೇ ವರ್ಣತಂತುಗಳನ್ನು ನೋಡಬಹುದು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೋಡಿ, ಮನುಷ್ಯನಲ್ಲಿ 23. ಒಂದು ಜೋಡಿ ಎಲ್ಲಿ ಹೋಯಿತು? ವರ್ಣತಂತುವಿನ ತುದಿಯಲ್ಲಷ್ಟೇ ಇರಬೇಕಾದ ಡಿಎನ್ಎ ಸರಣಿ ನಮ್ಮ ಎರಡನೆಯ ವರ್ಣತಂತುವಿನ ನಡುಭಾಗದಲ್ಲಿದೆ, ಅದೂ ಎದುರುಬದುರಾಗಿ. ಎರಡು ಹಳೆಯ ತಂತುಗಳು ತುದಿಗೆ ತುದಿ ಬೆಸೆದುಕೊಂಡ ಗುರುತು ಅದು. ಪ್ರತಿ ತಂತುವಿಗೂ ಒಂದೇ ಇರಬೇಕಾದ ಸೆಂಟ್ರೊಮಿಯರ್ (ಕೋಶ ಒಡೆಯುವಾಗ ತಂತುವನ್ನು ಹಿಡಿದೆಳೆಯುವ ಜಾಗ) ಇದರಲ್ಲಿ ಒಂದು ಕೆಲಸ ಮಾಡುತ್ತಿದೆ, ಇನ್ನೊಂದರ ಅವಶೇಷ ಉಳಿದಿದೆ. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ 2006ರ ತಮ್ಮ ಪುಸ್ತಕದಲ್ಲಿ ಇದನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು. ಅವರೂ ನಂಬಿಕೆಯುಳ್ಳ ಕ್ರೈಸ್ತರು. ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲೇ, ವಿಕಾಸ ಬರೀ ಊಹೆಯ ಮಟ್ಟವನ್ನು ದಾಟಿದೆ ಎಂದು ಒಪ್ಪಿದ್ದರು.

ಇಷ್ಟಾದರೂ ಒಂದು ಪ್ರಶ್ನೆ ಚುಚ್ಚುತ್ತದೆ, ಚುಚ್ಚಲೇಬೇಕು. 1860ರ ಮೇ ತಿಂಗಳಲ್ಲಿ ಡಾರ್ವಿನ್ ಗ್ರೇಗೆ ಬರೆದ ಕಾಗದದಲ್ಲಿ ಒಂದು ಕಣಜದ ಮಾತು ಬರುತ್ತದೆ. ಅದರ ಮರಿಗಳು ಜೀವಂತ ಕಂಬಳಿಹುಳದ ಒಳಗೇ ಇದ್ದು ಅದನ್ನು ತಿಂದು ಬೆಳೆಯುತ್ತವೆ. ಕರುಣಾಳು ದೇವರು ಇಂಥದ್ದನ್ನು ಬೇಕೆಂದೇ ಮಾಡಿದ ಎಂದು ನಂಬಲು ನನ್ನಿಂದಾಗದು ಎಂದ ಡಾರ್ವಿನ್. ಹುಳದ ನೋವು ಹೋಗಲಿ, ಹೆರಿಗೆಯಲ್ಲಿ ಸಾಯುವ ತಾಯಂದಿರ ಗತಿಯೇನು? ಡಾಬ್‌ಜಾನ್‌ಸ್ಕಿಯ ಶಿಷ್ಯ, ಒಂದು ಕಾಲಕ್ಕೆ ಡೊಮಿನಿಕನ್ ಪಾದ್ರಿಯಾಗಿ ದೀಕ್ಷೆ ಪಡೆದಿದ್ದ ಫ್ರಾನ್ಸಿಸ್ಕೊ ಅಯಾಲ ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಮಗುವಿನ ತಲೆಗೆ ಸಾಲದಷ್ಟು ಇಕ್ಕಟ್ಟಾದ ಹೆರಿಗೆಯ ದಾರಿಯನ್ನು ದೇವರೇ ಕೈಯಾರೆ ರೂಪಿಸಿದ ಎಂದರೆ ಅದರ ಹೊಣೆ ನೇರವಾಗಿ ಅವನದೇ. ಮಿದುಳು ದೊಡ್ಡದಾಗುತ್ತ ಹೋದದ್ದೂ ಎರಡು ಕಾಲಿನ ಮೇಲೆ ನಡೆದದ್ದೂ ಲಕ್ಷಾಂತರ ವರ್ಷ ಒಂದನ್ನೊಂದು ಎಳೆದಾಡಿದ್ದರಿಂದ ಆ ದಾರಿ ಹಾಗಾಯಿತು ಎಂದರೆ, ನಂಬುವವನು ಆ ನೋವಿಗೆ ದೇವರ ಕೈಯನ್ನು ದೂರಬೇಕಾಗಿಲ್ಲ.